ನೀರು ಬಿಡುವವನ ಲೆಕ್ಕ

ಹುಬ್ಬಳ್ಳಿ ಸೋತರೆ ನಮಗೆ ಒಂದು ಗೋಲು ಸಾಕು.
ಹುಬ್ಬಳ್ಳಿ ಸರಿಸಮ ಮಾಡಿಕೊಂಡರೆ ನಾಲ್ಕು ಬೇಕು.
ಹುಬ್ಬಳ್ಳಿ ಗೆದ್ದರೆ ಏನೂ ಬೇಡ,
ಹುಡುಗರು ಸ್ಟಿಕ್ಕು ಕಟ್ಟಿಕೊಂಡು
ಅವರವರ ಊರಿನ ಬಸ್ಸು ಹತ್ತಬಹುದು.

ಪಂಪ್‌ಹೌಸಿನ ಗೋಡೆಗೆ ಇದ್ದಿಲಲ್ಲಿ
ಇಷ್ಟನ್ನು ಬರೆದವನು ಗೋಲ್‌ಕೀಪರ್ ಮುಖ್ತಿಯಾರ್.
ನಾವು ಹದಿನೇಳು, ಅವರು ಹತ್ತೊಂಬತ್ತು.
ಮೇಲಿನ ನಾಲ್ವರಿಗಷ್ಟೇ ಮುಂದಿನ ದಾರಿ,
ನಾವು ಐದನೆಯವರು.
ಅದರ ಕೆಳಗೆ ನನ್ನ ಹಳೇ ಲೆಕ್ಕ, ಅಳಿಸಿಲ್ಲ:
ಡೀಸೆಲ್ಲು ಎಂಟು ಲೀಟರು, ವಾಷರು ಎರಡು,
ಜನವರಿ ಸಂಬಳ ಬಂದಿಲ್ಲ.

ಲೀಗು ಶುರುವಾದಾಗ ಗ್ಯಾಲರಿಯಲ್ಲಿ
ನಾಯಿಯೊಂದು, ಕಡಲೆಕಾಯಿಯವನೊಬ್ಬ.
ಈಗ ಸಾಲಗಾಮೆ ರಸ್ತೆಯ ಕ್ಷೌರದಂಗಡಿಯಲ್ಲಿ
ಕತ್ತಿ ಕುತ್ತಿಗೆಗಿಟ್ಟು ಕೇಳುತ್ತಾನೆ,
"ಗೋಲ್ ವ್ಯತ್ಯಾಸ ಮೈನಸ್ ಒಂದೇನಾ ಇನ್ನೂ?"
ಹೌದೆನ್ನಲು ತಲೆಯಾಡಿಸುವ ಹಾಗಿಲ್ಲ.

ಆಟದ ವಿಷಯ ನನಗೆ ಗೊತ್ತಿರುವುದು ಕಡಿಮೆ.
ನೀರಿನದು ಗೊತ್ತು.
ಆರು ನಳಿಗೆ, ಒಂದೊಂದೂ ನಾಲ್ಕು ನಿಮಿಷ.
ಹುಲ್ಲಲ್ಲದ ಆ ನೀಲಿ ಹುಲ್ಲು
ಕುಡಿಯುವುದಿಲ್ಲ, ಬರೀ ನೆನೆಯುತ್ತದೆ.
ನೆನೆದರೆ ಚೆಂಡು ಮೀನು.
ಒಣಗಿದರೆ ಸಾಲಗಾರನ ಹಾಗೆ
ಹೆಜ್ಜೆಗೊಂದು ನೆಪ ಹೇಳುತ್ತ ಬರುತ್ತದೆ.

ಬೆಳಿಗ್ಗೆ ಮ್ಯಾನೇಜರ್ ಜವರಪ್ಪನವರು ಬಂದು
"ಇವತ್ತು ಜಿಪುಣತನ ಬ್ಯಾಡ ಕಣಯ್ಯ, ಪೂರ್ತಿ ಬುಡು.
ನಾಲ್ಕು ಹೊಡೀಬೇಕು ಅಂದ್ರೆ ಚೆಂಡು ಓಡ್ಬೇಕು.
ಬಾಗ್ಲು ತೆಗೆಯೋದು ವರ್ಷಕ್ಕೊಂದ್ ಸಲ" ಅಂದರು.
ಹಾಸನಾಂಬೆಯ ಬಾಗಿಲೋ ಲೀಗಿನದೋ
ನಾನು ಕೇಳಲಿಲ್ಲ.

ಪೂರ್ವದ ಗೋಲಿನ ಹಿಂದೆ ತಂತಿಬೇಲಿ,
ಬೇಲಿಯ ಹಿಂದೆ ಒಂದು ಗಲ್ಲಿ.
ಅಲ್ಲಿನ ನಲ್ಲಿ ಕೊನೇ ಸಲ ಕೆಮ್ಮಿ ಆರು ದಿನವಾಯಿತು.
ದೊಡ್ಡ ಪೈಪು ಒಡೆದಿದೆಯಂತೆ,
ರಿಪೇರಿಯಂತೆ, ನಾಳೆಯಂತೆ.
ಗಾಳಿಗೆ ಆ ಕಡೆ ಹಾರುವ ತುಂತುರಿಗೆ
ಮಕ್ಕಳು ಬೇಲಿಗೆ ಮುಖ ಒತ್ತುತ್ತಾರೆ.
ದೊಡ್ಡವರು ಒತ್ತುವುದಿಲ್ಲ.
ನೋಡುತ್ತಾರೆ.

ದೇವೀರಮ್ಮ ಮಾತ್ರ ನಾಲ್ಕು ಕೊಡ ತಂದು ಸಾಲಾಗಿಟ್ಟು
"ನಿಮ್ ಚೆಂಡಿಗಿರೋ ಯೋಗ
ನಮ್ ಅಕ್ಕಿಗಿಲ್ವಲ್ಲಪ್ಪಾ" ಅಂದಳು,
ನಗುತ್ತಲೇ.
ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು.

ತೊಟ್ಟಿಯಲ್ಲಿ ಹದಿನೆಂಟು ಸಾವಿರ ಲೀಟರು.
ಆಟಕ್ಕೆ ಮೊದಲು ಒಂಬತ್ತು, ವಿರಾಮಕ್ಕೆ ಒಂಬತ್ತು.
ವಿರಾಮದಲ್ಲಿ ಐದು ನಳಿಗೆ ತಿರುಗಿಸಿದೆ.
ಆರನೆಯದರ ವಾಲ್ವು ಕಚ್ಚಿಕೊಂಡಿದೆ ಅಂದೆ,
ಯಾರೂ ಕೇಳದಿದ್ದರೂ.
ಬೇಲಿಯ ಅಡಿಯಿಂದ ಹಸಿರು ಪೈಪು ನುಸುಳಿಸಿದೆ.
ಕೊಡಗಳು ಎಲ್ಲಿಂದ ಬಂದವೋ,
ಬಕೆಟ್ಟು, ಇಡ್ಲಿ ಪಾತ್ರೆ, ಒಂದು ಮಗುವಿನ ಟಬ್ಬು.
ಗಲ್ಲಿಯಲ್ಲಿ ಯಾರೂ ಮಾತಾಡಲಿಲ್ಲ.
ನೀರು ತುಂಬುವ ಸದ್ದೇ ಏರುತ್ತ ಏರುತ್ತ
ತೆಳ್ಳಗಾಗಿ ನಿಲ್ಲುತ್ತಿತ್ತು.

ಮೂರು ಸೊನ್ನೆ.
ಚಂಗಪ್ಪನದು ಎರಡು, ಅಂತೋಣಿಯದು ಒಂದು.
ಜವರಪ್ಪನವರು ಫೋನು ಕಿವಿಗೊತ್ತಿ
ಗೆರೆಯುದ್ದಕ್ಕೂ ನಡೆಯುತ್ತಿದ್ದಾರೆ.
ಹುಬ್ಬಳ್ಳಿಯಲ್ಲಿ ಒಂದು ಒಂದು,
ಆಟ ಮುಗಿಯಿತಂತೆ.
ಅಂದರೆ ನಾಲ್ಕು.
ಅಂದರೆ ಇನ್ನೊಂದು.

ಎರಡು ನಿಮಿಷವಿರುವಾಗ ಪೆನಾಲ್ಟಿ ಕಾರ್ನರ್,
ಪೂರ್ವದ ಗೋಲಿಗೇ.
ಆಚೆ ತುದಿಯಲ್ಲಿ ಮುಖ್ತಿಯಾರ್ ಹೆಲ್ಮೆಟ್ಟು ಕಳಚಿ
ತಲೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ.
ಅಂತೋಣಿ ಬಾಗಿ ಚೆಂಡು ತಳ್ಳಬೇಕು,
ಅರ್ಧವೃತ್ತದ ಅಂಚಲ್ಲಿ ಚಂಗಪ್ಪ ಕಾದಿದ್ದಾನೆ.
ನಡುವೆ ಎಂಟು ಮಾರು.
ಅವನು ಅಂಗೈಯಿಂದ ನೆಲ ಮುಟ್ಟಿ ನೋಡಿದ,
ಆಮೇಲೆ ಪಂಪ್‌ಹೌಸಿನ ಕಡೆ ನೋಡಿದ.
ನಾನು ವಾಲ್ವು ನೋಡಿದೆ.

ಚೆಂಡು ಹೊರಟಿತು.

ಬೇಲಿಯಾಚೆ ಯಾರದೋ ಮನೆಯಲ್ಲಿ ಬೇಳೆ ಬೇಯುವ ವಾಸನೆ.
ಸೀಟಿ ಕೇಳಿಸಿತು.
ಅಂಪೈರಿಂದೋ, ದೇವೀರಮ್ಮನ ಕುಕ್ಕರಿಂದೋ.
ಯಾವುದಾದರೂ ಆಗಲಿ ಅನ್ನಲಾರೆ.
ಹುಡುಗರು ಗೆಲ್ಲುವುದು ನನಗೂ ಬೇಕು.
ತಿರುಗದೆ ನಿಂತಿದ್ದೇನೆ,
ಒದ್ದೆ ಕೈ ವಾಲ್ವಿನ ಮೇಲೆಯೇ ಇದೆ.